ಮೂರು ಮಿಲಿಮೀಟರ್ ಗರಿಕೆ

ಗುಬ್ಬಿ ಸೀಮೆಯ ರಾಗಿ ಹೊಲಕ್ಕೆ ಗರಿಕೆ ಹೊಕ್ಕರೆ ಬೇಸಾಯಗಾರನಿಗೆ ನಿದ್ದೆಯಿಲ್ಲ. ಕುಂಟೆ ಹೊಡೆದರೆ ಹೋಗದು, ಗುದ್ದಲಿಯಲ್ಲಿ ಅಗೆದು ಬದುವಿಗೆ ಎಸೆದರೆ ಸಾಯದು. ಬಿಸಿಲಿಗೆ ಒಣಗಿ ಸುಕ್ಕಾದ ಮೇಲೂ ಒಂದೇ ಒಂದು ಗಿಣ್ಣು ಮಣ್ಣಿನಲ್ಲಿ ಜೀವ ಹಿಡಿದಿತ್ತೆಂದರೆ ಮುಂಗಾರಿನ ಮೊದಲ ಹದ ಮಳೆಗೆ ಮತ್ತೆ ಚಿಗುರಿ ನಿಲ್ಲುತ್ತದೆ. ಅದೇ ಗರಿಕೆ ಗೌರಿ ಗಣೇಶ ಹಬ್ಬದ ಬೆಳಿಗ್ಗೆ ತುಮಕೂರಿನ ಬೀದಿಗಳಲ್ಲಿ ಕಟ್ಟುಕಟ್ಟಾಗಿ ಮಾರಾಟವಾಗುತ್ತದೆ. ಈಗ ಕೇಳಿ! ಸಸ್ಯಶಾಸ್ತ್ರದಲ್ಲಿ ಸೈನೋಡಾನ್ ಡ್ಯಾಕ್ಟಿಲಾನ್ ಎನಿಸಿಕೊಳ್ಳುವ ಇದೇ ಹುಲ್ಲನ್ನು, ಜಗತ್ತಿನ ಬಿಸಿಲು ಸೀಮೆಗಳ ಗಾಲ್ಫ್ ಮೈದಾನಗಳು ಬರ್ಮುಡಾ ಗ್ರಾಸ್ ಎಂದು ಕರೆದು, ಕೋಟಿಗಟ್ಟಲೆ ಖರ್ಚು ಮಾಡಿ ಬೆಳೆಸುತ್ತವೆ. ನಾವು ಕಿತ್ತು ಕಿತ್ತು ಸೋತ ಹುಲ್ಲನ್ನು ಬದುಕಿಸಿಕೊಳ್ಳುವುದಕ್ಕೆಂದೇ ಅಲ್ಲೊಬ್ಬ ಮನುಷ್ಯ ಇದ್ದಾನೆ. ಅವನ ಹುದ್ದೆಯ ಹೆಸರು ಗಾಲ್ಫ್ ಕೋರ್ಸ್ ಸೂಪರಿಂಟೆಂಡೆಂಟ್.

ಈ ಒಂದು ಸಂಗತಿ ತಿಳಿದ ದಿನದಿಂದ ನನಗೆ ಗಾಲ್ಫ್ ಬೇರೆಯದೇ ಆಟವಾಗಿ ಕಾಣುತ್ತಿದೆ. ಟಿವಿಯಲ್ಲಿ ಎಲ್ಲರೂ ಚೆಂಡನ್ನು ನೋಡುವಾಗ ನನ್ನ ಕಣ್ಣು ಚೆಂಡಿನ ಕೆಳಗೆ ಹೋಗುತ್ತದೆ.

ಚೆಂಡನ್ನು ಕುಳಿಗೆ ಉರುಳಿಸುವ ನುಣ್ಣನೆಯ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅಲ್ಲಿ ಹುಲ್ಲಿನ ಎತ್ತರ ಎಷ್ಟು ಗೊತ್ತೇ? ಸುಮಾರು ಮೂರು ಮಿಲಿಮೀಟರ್! ಶಾಲೆಯ ಮಕ್ಕಳ ಅಳತೆಪಟ್ಟಿಯಲ್ಲಿ ಮೂರು ಸಣ್ಣ ಗೆರೆ. ಪ್ರತಿದಿನ ಬೆಳಿಗ್ಗೆ ಅಷ್ಟಕ್ಕೇ ಕತ್ತರಿಸುತ್ತಾರೆ, ಆದರೂ ಅದು ಹಸಿರಾಗಿಯೇ ಇರುತ್ತದೆ. ಹೇಗೆ? ಗರಿಕೆ ತನ್ನ ಚಿಗುರುವ ಶಕ್ತಿಯನ್ನು ತುದಿಯಲ್ಲಿ ಇಟ್ಟುಕೊಂಡಿಲ್ಲ. ನೆಲಕ್ಕಂಟಿಕೊಂಡು ಹರಿಯುವ ಕಾಂಡದಲ್ಲಿ, ಮಣ್ಣಿನೊಳಗೆ ಅಡ್ಡಡ್ಡ ಓಡುವ ಬೇರುಕಾಂಡದಲ್ಲಿ, ಗಿಣ್ಣು ಗಿಣ್ಣಿನಲ್ಲಿ ಬಚ್ಚಿಟ್ಟುಕೊಂಡಿದೆ. ತಲೆ ಕತ್ತರಿಸಿದಷ್ಟೂ ಅಕ್ಕಪಕ್ಕಕ್ಕೆ ಹಬ್ಬುತ್ತದೆ, ದಟ್ಟವಾಗುತ್ತದೆ. ಗುಬ್ಬಿಯ ರೈತನನ್ನು ಗೋಳಾಡಿಸಿದ ಆ ಮೊಂಡುತನವೇ ಗಾಲ್ಫ್‌ನ ಬಂಡವಾಳ!

ಕತ್ತರಿಸುವ ಯಂತ್ರದ ಹುಟ್ಟೂ ಸಾಮಾನ್ಯವಲ್ಲ. ಇಂಗ್ಲೆಂಡಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ, ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಜುಂಗನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ನೋಡಿ, ಇದು ಹುಲ್ಲಿಗೇಕೆ ಆಗಬಾರದು ಎಂದು ಯೋಚಿಸಿದ. 1830ರಲ್ಲಿ ಪೇಟೆಂಟ್ ಪಡೆದ. ಸುತ್ತುವ ಅಲಗುಗಳು ಕೆಳಗಿನ ಸ್ಥಿರ ಅಲಗಿಗೆ ತಾಗಿ ಕತ್ತರಿಯಾಗುವ ಅದೇ ತತ್ತ್ವ ಇಂದಿಗೂ ಪ್ರತಿ ಗ್ರೀನ್ ಮೇಲೆ ಓಡಾಡುತ್ತಿದೆ. ಆ ಅಲಗು ಮೊಂಡಾಗಿದ್ದರೆ ಹುಲ್ಲು ತುಂಡಾಗುವುದಿಲ್ಲ, ಹರಿಯುತ್ತದೆ. ಹರಿದ ತುದಿ ಒಣಗುತ್ತದೆ, ಅಲ್ಲಿಂದಲೇ ರೋಗ ಶುರು.

ಇನ್ನೊಂದು ವಿಷಯ ಓದಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ನಮ್ಮ ಗರಿಕೆಯ ಜಾತಿಯನ್ನು ಆಫ್ರಿಕಾ ಮೂಲದ ಇನ್ನೊಂದು ಸಣ್ಣ ಗರಿಕೆಯೊಂದಿಗೆ ಕೂಡಿಸಿದರು. 36 ವರ್ಣತಂತುಗಳ ಒಂದು, 18ರ ಇನ್ನೊಂದು. ಹುಟ್ಟಿದ ಸಂತಾನಕ್ಕೆ 27. ಎರಡು ಸಮಪಾಲಾಗದ ಈ ಲೆಕ್ಕದಿಂದಾಗಿ ಅದು ಮೊಳೆಯುವ ಬೀಜ ಕಟ್ಟುವುದಿಲ್ಲ. 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ, 1965ರಲ್ಲಿ ಇನ್ನೂ ಗಿಡ್ಡನೆಯ ಟಿಫ್‌ಡ್ವಾರ್ಫ್ ಹೊರಬಂದವು. ಬೀಜವಿಲ್ಲದ ಮೇಲೆ ಹರಡುವುದು ಹೇಗೆ? ಬುಡದಿಂದ ತುಂಡು ಕಿತ್ತು ನೆಡಬೇಕು, ಅದರಿಂದ ಇನ್ನೊಂದು, ಮತ್ತೊಂದು. ಅಂದರೆ ಇಂದು ಏಷ್ಯಾದ ಒಂದು ಗ್ರೀನ್ ಮೇಲಿರುವ ಟಿಫ್‌ಡ್ವಾರ್ಫ್ ಮತ್ತು ಫ್ಲೋರಿಡಾದ ಗ್ರೀನ್ ಮೇಲಿರುವ ಟಿಫ್‌ಡ್ವಾರ್ಫ್ ಬೇರೆ ಬೇರೆ ಗಿಡಗಳೇ ಅಲ್ಲ. ಒಂದೇ ಗಿಡದ ಮೈ ಖಂಡದಿಂದ ಖಂಡಕ್ಕೆ ಚಾಚಿಕೊಂಡಿದೆ! ಒಂದು ಮೈದಾನದಲ್ಲಿ ಸೂಪರಿಂಟೆಂಡೆಂಟ್ ಮದ್ದು ಕೊಡುತ್ತಿರುವ ರೋಗಿಯೇ ಸಮುದ್ರದಾಚೆ ಇನ್ನೊಬ್ಬನ ಕೈಯಲ್ಲೂ ಇದ್ದಾನೆ.

ನೆಲದೊಳಕ್ಕೆ ಇಳಿದರೆ ಬೆರಗು ಇನ್ನೂ ಹೆಚ್ಚು. ಒಳ್ಳೆಯ ಗ್ರೀನ್ ಅಡಿಯಲ್ಲಿ ಮಣ್ಣು ಇಲ್ಲವೇ ಇಲ್ಲ ಎನ್ನಬಹುದು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿದ ಕ್ರಮದಂತೆ ಮೇಲೆ ಸುಮಾರು 300 ಮಿಲಿಮೀಟರ್ ಮರಳೇ ಹೆಚ್ಚಿರುವ ಮಿಶ್ರಣ, ಅದರ ಕೆಳಗೆ 100 ಮಿಲಿಮೀಟರ್ ಜಲ್ಲಿ, ಅದರ ಕೆಳಗೆ ರಂಧ್ರದ ಕೊಳವೆಗಳು. ನೀರು ಮರಳಿನಿಂದ ಜಲ್ಲಿಗೆ ಸರ್ರನೆ ಇಳಿಯುತ್ತದೆ ಎಂದುಕೊಳ್ಳುತ್ತೇವೆ. ಇಳಿಯುವುದಿಲ್ಲ! ಸಣ್ಣ ಮರಳಿನ ಸಂದಿಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಜಲ್ಲಿಯ ದೊಡ್ಡ ಸಂದಿಗಳಿಗೆ ಆ ಹಿಡಿತವಿಲ್ಲ. ಹಾಗಾಗಿ ಮರಳಿನ ತಳದಲ್ಲಿ ನೀರು ತೂಗಾಡಿಕೊಂಡು ನಿಲ್ಲುತ್ತದೆ, ಬೇರಿಗೆ ಸಿಗುತ್ತದೆ. ಜೋರು ಮಳೆ ಬಂದು ಮಿತಿ ಮೀರಿದಾಗ ಮಾತ್ರ ತನ್ನ ತೂಕಕ್ಕೆ ತಾನೇ ಕೆಳಗೆ ಹರಿಯುತ್ತದೆ. ತುಂಬುವವರೆಗೆ ಹಿಡಿದಿಟ್ಟು, ತುಂಬಿದ ಮೇಲೆ ಕೋಡಿ ಬೀಳುವ ನಮ್ಮ ಕುಣಿಗಲ್ ದೊಡ್ಡಕೆರೆಯ ವಿದ್ಯೆಯೇ ಇದು, ಒಂದು ಅಡಿ ಆಳದಲ್ಲಿ.

ಇಷ್ಟೆಲ್ಲ ನಡೆಯುವುದು ಆಟಗಾರ ಹಾಸಿಗೆಯಲ್ಲಿ ಇರುವಾಗ. ಕತ್ತಲು ಹರಿಯುವ ಮೊದಲೇ ಮಾಲಿಗಳು ಮೈದಾನಕ್ಕೆ ಇಳಿಯುತ್ತಾರೆ. ಮೊದಲ ಕೆಲಸ ಇಬ್ಬನಿ ಬಡಿಯುವುದು: ಉದ್ದ ಕೋಲನ್ನೋ ಪೈಪನ್ನೋ ಗ್ರೀನ್ ಮೇಲೆ ಎಳೆದಾಡಿ ಹನಿ ಉದುರಿಸುತ್ತಾರೆ, ಯಾಕೆಂದರೆ ಎಲೆ ಒದ್ದೆಯಾಗಿ ಕೂತಷ್ಟು ಹೊತ್ತು ಶಿಲೀಂಧ್ರಕ್ಕೆ ಹಬ್ಬ. ಆಮೇಲೆ ಕಟಾವು, ನಿನ್ನೆ ಓಡಿದ ದಿಕ್ಕಿಗಲ್ಲ, ಬೇರೆ ದಿಕ್ಕಿಗೆ. ಇಲ್ಲದಿದ್ದರೆ ಹುಲ್ಲು ಒಂದೇ ಕಡೆ ಮಲಗುವ ರೂಢಿ ಮಾಡಿಕೊಂಡು ಚೆಂಡನ್ನು ಆ ಕಡೆಗೆ ಎಳೆಯುತ್ತದೆ. ಆಮೇಲೆ ಕುಳಿ. ಹೌದು, ಕುಳಿಯನ್ನೇ ಎತ್ತಿ ಬೇರೆ ಕಡೆ ಇಡುತ್ತಾರೆ! 108 ಮಿಲಿಮೀಟರ್ ಅಗಲದ ಕೊರೆಯುವ ಕೊಳವೆಯನ್ನು ಇಳಿಸಿ ಹುಲ್ಲುಸಮೇತ ಒಂದು ಉಂಡೆ ಎತ್ತಿ, ಅದನ್ನು ಹಳೆಯ ಕುಳಿಗೆ ತುಂಬಿ, ಕಾಲಲ್ಲಿ ಹದವಾಗಿ ಒತ್ತಿ ನೀರುಣಿಸುತ್ತಾರೆ. ಆಟಗಾರರ ಹೆಜ್ಜೆ ಒಂದೇ ಜಾಗವನ್ನು ತುಳಿದು ಸಾಯಿಸದಿರಲಿ ಎಂದು ಈ ಏರ್ಪಾಡು. ನಿನ್ನೆ ಕುಳಿ ಇದ್ದದ್ದೆಲ್ಲಿ ಎಂದು ಹುಡುಕಿದರೂ ಕಾಣದಂತೆ ಆ ಉಂಡೆ ಕೂಡಬೇಕು. ಒಂದು ಮಿಲಿಮೀಟರ್ ಎದ್ದಿದ್ದರೆ ಮಾರನೆಯ ದಿನದ ಕಟಾವು ಅದರ ತಲೆ ಬೋಳಿಸುತ್ತದೆ.

ಆಟಗಾರನಿಗೂ ಸೂಪರಿಂಟೆಂಡೆಂಟನಿಗೂ ಇರುವ ನಂಟಿನ ಗಂಟು ಇರುವುದು ಆ ಮಿಲಿಮೀಟರಿನಲ್ಲೇ. ಆಟಗಾರನಿಗೆ ವೇಗ ಬೇಕು. ಚೆಂಡು ಗಾಜಿನ ಮೇಲೆ ಜಾರಿದ ಹಾಗೆ ಹೋಗಬೇಕು, ಅಂದರೆ ಹುಲ್ಲು ಇನ್ನೂ ಗಿಡ್ಡವಾಗಬೇಕು. ಆದರೆ ಎಲೆಯೇ ಹುಲ್ಲಿನ ಅಡಿಗೆಮನೆ. ಎಲೆ ಕಡಿಮೆಯಾದಷ್ಟೂ ಊಟ ಕಡಿಮೆ, ಬೇರು ಮೇಲಕ್ಕೆ ಬರುತ್ತದೆ, ಮುಂದಿನ ಬಿಸಿಲಿಗೆ ಸೋಲುತ್ತದೆ. ಶನಿವಾರದ ಪಂದ್ಯಕ್ಕೆ ಕೊಟ್ಟ ವೇಗದ ಸಾಲವನ್ನು ಸೂಪರಿಂಟೆಂಡೆಂಟ್ ಮುಂದಿನ ಎರಡು ವಾರ ತೀರಿಸಬೇಕು. ಆಟಗಾರನಿಗೆ ಆ ಸಾಲ ಕಾಣುವುದೇ ಇಲ್ಲ.

ಆ ವೇಗವನ್ನು ಅಳೆಯಲು ಒಂದು ಕೋಲೂ ಇದೆ. 1935ರಲ್ಲಿ ಓಕ್‌ಮಾಂಟ್‌ನಲ್ಲಿ ಯುಎಸ್ ಓಪನ್ ನೋಡುತ್ತಿದ್ದ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಹವ್ಯಾಸಿ ಆಟಗಾರನಿಗೆ ಗ್ರೀನ್‌ಗಳು ವಿಪರೀತ ವೇಗವಾಗಿವೆ ಎನ್ನಿಸಿತು. ಹೇಳಿದರೆ ನಂಬುವವರು ಯಾರು? ಮರದ ಪಟ್ಟಿಯೊಂದಕ್ಕೆ ತೋಡು ಕೊರೆದು, ಚೆಂಡಿಟ್ಟು, ಮೆಲ್ಲಗೆ ಒಂದು ತುದಿ ಎತ್ತಿ, ತಾನಾಗಿ ಉರುಳಿದ ಚೆಂಡು ಎಷ್ಟು ಅಡಿ ಹೋಯಿತೆಂದು ಅಳೆದ. ಯುಎಸ್‌ಜಿಎ ಅದನ್ನು ಅಲ್ಯೂಮಿನಿಯಂನಲ್ಲಿ ಮಾಡಿಸಿ 1978ರಲ್ಲಿ ಸೂಪರಿಂಟೆಂಡೆಂಟರ ಕೈಗಿಟ್ಟಿತು. ಉದ್ದೇಶ ಚೆನ್ನಾಗಿತ್ತು: ಒಂದೇ ಮೈದಾನದ 18 ಗ್ರೀನ್‌ಗಳೂ ಒಂದೇ ಹದದಲ್ಲಿರಲಿ ಎಂದು. ಆದರೆ ಕ್ಲಬ್ಬಿನ ಸದಸ್ಯರು ಆ ಅಂಕಿಯನ್ನೇ ಹಿಡಿದುಕೊಂಡರು. ಅವರಲ್ಲಿ ಹನ್ನೊಂದು, ನಮ್ಮಲ್ಲೇಕೆ ಒಂಬತ್ತು ಎಂಬ ಪ್ರಶ್ನೆ ಅಂದಿನಿಂದ ನಿಂತಿಲ್ಲ. ನೆಲ, ನೀರು, ಹವೆ, ಹುಲ್ಲಿನ ತಳಿ ಎಲ್ಲವೂ ಬೇರೆ ಬೇರೆ ಇರುವಾಗ ಪಕ್ಕದೂರಿನ ಅಂಕಿಯನ್ನು ತಂದು ಎದುರಿಗೆ ಹಿಡಿಯುವುದು ಅನ್ಯಾಯ ಎಂದೇ ನನಗನ್ನಿಸುತ್ತದೆ.

ಇದಕ್ಕಿಂತ ದೊಡ್ಡ ಜಗಳ ತೂತು ಹೊಡೆಯುವ ದಿನ. ಸಾವಿರಾರು ಹೆಜ್ಜೆ ತುಳಿದು ಗಟ್ಟಿಯಾದ ಗ್ರೀನ್‌ಗೆ ಉಸಿರಾಟ ಬೇಕು. ಬೆರಳು ಗಾತ್ರದ ಟೊಳ್ಳು ಮೊಳೆಗಳಿರುವ ಯಂತ್ರವೊಂದು ನುಣ್ಣಗಿದ್ದ ಗ್ರೀನ್ ತುಂಬ ಸಾಲುಸಾಲಾಗಿ ಚುಚ್ಚಿ, ಒಳಗಿನ ತಿರುಳನ್ನು ಹೊರಗೆ ಎಳೆದು ಹಾಕುತ್ತದೆ. ಆ ತೂತುಗಳಿಗೆ ಹೊಸ ಮರಳು ತುಂಬುತ್ತಾರೆ. ಎರಡು ಮೂರು ವಾರ ಚೆಂಡು ಕುಪ್ಪಳಿಸುತ್ತದೆ, ಆಟಗಾರನ ಮುಖ ಕೆಂಪಾಗುತ್ತದೆ. ಚೆನ್ನಾಗಿದ್ದ ಗ್ರೀನ್ ಹಾಳು ಮಾಡಿದರು! ಮಾಡದಿದ್ದರೆ? ಬೇರಿಗೆ ಗಾಳಿಯಿಲ್ಲದೆ, ನೀರು ಇಳಿಯದೆ ಗ್ರೀನ್ ಒಳಗಿಂದಲೇ ಕೊಳೆಯುತ್ತದೆ. ಈ ಕೆಲಸದ ಫಲ ಕಾಣುವುದು ತಿಂಗಳುಗಳ ನಂತರ, ಅಷ್ಟು ಹೊತ್ತಿಗೆ ಆಟಗಾರನಿಗೆ ತೂತು ಹೊಡೆದದ್ದೇ ಮರೆತುಹೋಗಿರುತ್ತದೆ. ಬೈಗುಳ ಅಂದೇ, ಫಲ ಮಾತ್ರ ತಿಂಗಳು ಕಳೆದ ಮೇಲೆ. ಇಂಥ ಉದ್ಯೋಗಕ್ಕೆ ಎಂಥ ಎದೆ ಬೇಕು!

ಒಂದು ಕಾಲಕ್ಕೆ ಆಟಗಾರ ಬೇರೆ, ಹುಲ್ಲು ಕಾಯುವವನು ಬೇರೆ ಎಂಬುದೇ ಇರಲಿಲ್ಲ. ಸ್ಕಾಟ್ಲೆಂಡಿನ ಟಾಮ್ ಮಾರಿಸ್, ಎಲ್ಲರ ಬಾಯಲ್ಲಿ ಓಲ್ಡ್ ಟಾಮ್, 1821ರಲ್ಲಿ ಹುಟ್ಟಿದವನು. ಪ್ರೆಸ್ಟ್‌ವಿಕ್ ಮೈದಾನವನ್ನು ತಾನೇ ಕಾಯುತ್ತಾ ಅಲ್ಲಿಯೇ 1861, 1862ರಲ್ಲಿ ಬ್ರಿಟನ್ನಿನ ಓಪನ್ ಚಾಂಪಿಯನ್‌ಷಿಪ್ ಗೆದ್ದ. 1864, 1867ರಲ್ಲಿ ಮತ್ತೆ ಗೆದ್ದ. ಕೊನೆಯ ಗೆಲುವಿನಲ್ಲಿ ಅವನಿಗೆ 46. ಅಷ್ಟು ವಯಸ್ಸಿನಲ್ಲಿ ಓಪನ್ ಗೆದ್ದವರು ಇಂದಿನವರೆಗೆ ಇನ್ನೊಬ್ಬರಿಲ್ಲ. ಪ್ರೆಸ್ಟ್‌ವಿಕ್ ಬಿಟ್ಟ ಮೇಲೆ ಸೇಂಟ್ ಆಂಡ್ರ್ಯೂಸ್‌ನ ಗ್ರೀನ್‌ಗಳನ್ನು 1903ರವರೆಗೆ ನೋಡಿಕೊಂಡ. ಹುಲ್ಲಿನ ಮೇಲೆ ಮರಳು ಚೆಲ್ಲಿದರೆ ಅದು ಇನ್ನೂ ಚೆನ್ನಾಗಿ ಬರುತ್ತದೆ ಎಂದು ಕಂಡುಕೊಂಡವನು ಅವನೇ ಎನ್ನುತ್ತಾರೆ. ಕೈಗಾಡಿಯಿಂದ ಅಕಸ್ಮಾತ್ ಮರಳು ಚೆಲ್ಲಿದ್ದೇ ಕಾರಣ ಎಂದು ಕಥೆ ಹೇಳುತ್ತಾರೆ. ಭಾನುವಾರ ಮೈದಾನಕ್ಕೆ ವಿಶ್ರಾಂತಿ ಎಂಬ ಸೇಂಟ್ ಆಂಡ್ರ್ಯೂಸ್‌ನ ಕಟ್ಟಳೆಯನ್ನು ಅವನು ಬಿಗಿಯಾಗಿ ಹಿಡಿದ. ಜಗತ್ತಿನ ಅತಿ ಪ್ರಸಿದ್ಧ ಗಾಲ್ಫ್ ಮೈದಾನ ಇವತ್ತಿಗೂ, ದೊಡ್ಡ ಪಂದ್ಯಗಳ ಹೊರತು, ಭಾನುವಾರ ಆಟಕ್ಕೆ ಮುಚ್ಚಿರುತ್ತದೆ!

ನಮ್ಮ ನಾಡಿನಲ್ಲಿ ಈ ಆಟಕ್ಕೆ ಒಂದೂವರೆ ಶತಮಾನ ತುಂಬುತ್ತಿದೆ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಹೈಗ್ರೌಂಡ್ಸ್‌ನಲ್ಲಿ, ನಗರದ ರಸ್ತೆಗಳು ಮೈದಾನವನ್ನು ಸೀಳಿಕೊಂಡು ಹೋಗುವ ಜಾಗದಲ್ಲಿ, ಎತ್ತರದ ಬಲೆಗಳ ನಡುವೆ ಅದು ಇನ್ನೂ ಹಸಿರಾಗಿದೆ. ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ ಎದ್ದದ್ದು. ಅದನ್ನು ವಿನ್ಯಾಸ ಮಾಡಿದವರು ಐದು ಬಾರಿ ಓಪನ್ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಕೆರೆ ಹೋದದ್ದರ ನೋವು ನನಗಿದೆ, ಅದನ್ನು ಮುಚ್ಚಿಡಲಾರೆ. ಆದರೆ ಅದೇ ಮೈದಾನದ ಹುಲ್ಲಿನ ಮೇಲೆ ಪುಟ್ಟ ಹುಡುಗಿಯಾಗಿ ಚೆಂಡು ಉರುಳಿಸುತ್ತಾ ಬೆಳೆದ ಅದಿತಿ ಅಶೋಕ್, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವಳಾದಾಗ ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಬೆಳ್ಳಂಬೆಳಿಗ್ಗೆ ಟಿವಿ ಹಚ್ಚಿದ್ದರು. ಗ್ರೀನ್ ಮೇಲಿನ ಆಟವೇ ಆಕೆಯ ದೊಡ್ಡ ಬಲ. ಬಿಡದಿಯ ಈಗಲ್‌ಟನ್ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಲ್ಲಿ ಬೆಳೆದು, ಅಲ್ಲಿ ಕ್ಯಾಡಿಯಾಗಿ ಬೇರೆಯವರ ಚೀಲ ಹೊತ್ತು, ಆಮೇಲೆ ತಾನೇ ವೃತ್ತಿಪರ ಆಟಗಾರನಾಗಿ ಗೆದ್ದ ಚಿಕ್ಕರಂಗಪ್ಪ ಅವರ ಕಥೆಯಂತೂ ಸಿನಿಮಾಕ್ಕೆ ಕಡಿಮೆಯಿಲ್ಲ. ಗರಿಕೆಯನ್ನು ಬರಿಗಾಲಲ್ಲಿ ಬಲ್ಲವರು ಗ್ರೀನ್ ಮೇಲಿನ ಇಳಿಜಾರನ್ನು ಬೇಗ ಓದುತ್ತಾರೆ ಎಂದು ನಾನು ನಂಬುತ್ತೇನೆ.

ನೀರಿನ ಪ್ರಶ್ನೆ ಕೇಳದೆ ಮುಂದೆ ಹೋಗುವಂತಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಬಾಯಾರಿದಾಗ ಜಲಮಂಡಳಿ ತೋಟಕ್ಕೆ, ಕಾರು ತೊಳೆಯಲಿಕ್ಕೆ ಕುಡಿಯುವ ನೀರು ಬಳಸಬಾರದು ಎಂದು 5,000 ರೂಪಾಯಿ ದಂಡ ಹೇರಿತು. ಸರಿಯಾದ ಮಾತು. ಜನ ಕೊಡ ಹಿಡಿದು ನಿಂತಿರುವಾಗ ಆಟದ ಹುಲ್ಲಿಗೆ ಕಾವೇರಿ ಹರಿಸುವ ಹಕ್ಕು ಯಾರಿಗೂ ಇಲ್ಲ. ಇಲ್ಲಿಯೂ ಗರಿಕೆಯೇ ದಾರಿ ತೋರಿಸುತ್ತದೆ: ಉಪ್ಪಿನಂಶವಿರುವ ನೀರನ್ನೂ ಅದು ತಾಳಿಕೊಳ್ಳುತ್ತದೆ, ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ಚೆನ್ನಾಗಿಯೇ ಬರುತ್ತದೆ, ಬಾಯಾರಿದರೆ ಕಂದಿ ಮಲಗಿ ಮಳೆಗೆ ಮತ್ತೆ ಏಳುತ್ತದೆ. ಎಲ್ಲಿ ಕಂದಲು ಬಿಡಬೇಕು, ಎಲ್ಲಿ ಒಂದು ಹನಿ ಕೊಡಲೇಬೇಕು ಎಂದು ತಿಳಿದಿರುವುದು ಸೂಪರಿಂಟೆಂಡೆಂಟನ ವಿದ್ಯೆ. ಕಂದಿದ ಬಣ್ಣವನ್ನು ಸಹಿಸುವುದು ಆಟಗಾರನ ಪಾಲಿನ ಕೆಲಸ.

ಆಟಗಾರನ ಪಾಲಿಗೆ ಇನ್ನೂ ಒಂದು ಕೆಲಸವಿದೆ, ಅದೇ ಈ ಇಬ್ಬರ ನಡುವಿನ ನಿಜವಾದ ಮಾತುಕತೆ. ಎತ್ತರದಿಂದ ಬಿದ್ದ ಚೆಂಡು ಗ್ರೀನ್ ಮೇಲೆ ಒಂದು ಗುಳಿ ಮಾಡುತ್ತದೆ. ಜೇಬಿನಲ್ಲಿರುವ ಎರಡು ಹಲ್ಲಿನ ಪುಟ್ಟ ಮುಳ್ಳುಚಮಚದಂಥ ಸಾಧನದಿಂದ ಗುಳಿಯ ಅಂಚನ್ನು ನಡುವಿನ ಕಡೆಗೆ ತಳ್ಳಿ, ಮೇಲೆ ಮೆಲ್ಲಗೆ ತಟ್ಟಬೇಕು. ಕೆಳಗಿನಿಂದ ಮೀಟಿ ಎತ್ತಿದರೆ ಬೇರು ಹರಿಯುತ್ತದೆ! ಕೂಡಲೇ ಸರಿಯಾಗಿ ಮಾಡಿದ ಗುಳಿ ಬೇಗ ಮಾಯುತ್ತದೆ, ಹಾಗೇ ಬಿಟ್ಟದ್ದು ವಾರಗಟ್ಟಲೆ ಕಂದು ಕಲೆಯಾಗಿ ಕೂರುತ್ತದೆ. ಕೋಲು ತಾಗಿ ಎದ್ದುಹೋದ ಹುಲ್ಲಿನ ಜಾಗಕ್ಕೆ ಮರಳು ತುಂಬುವುದು, ಮರಳುಗುಂಡಿಯಲ್ಲಿ ತನ್ನ ಹೆಜ್ಜೆಯನ್ನು ತಾನೇ ಎಳೆದು ಸಮ ಮಾಡುವುದು, ಇವೂ ಅದೇ ಮಾತುಕತೆ. 2019ರವರೆಗೆ ನಿಯಮಪುಸ್ತಕವೇ ಅರ್ಧ ಅಡ್ಡಿಯಾಗಿತ್ತು: ಚೆಂಡಿನ ಗುಳಿ ಸರಿಮಾಡಬಹುದಿತ್ತು, ತನ್ನ ದಾರಿಯಲ್ಲಿರುವ ಬೂಟಿನ ಮೊಳೆಯ ಗೀರನ್ನು ಮುಟ್ಟುವಂತಿರಲಿಲ್ಲ. ಆ ವರ್ಷ ಜನವರಿ 1ರಿಂದ ಗ್ರೀನ್ ಮೇಲಿನ ಬಹುತೇಕ ಎಲ್ಲ ಗಾಯಗಳನ್ನೂ ಆಟಗಾರ ತಾನೇ ಸರಿಪಡಿಸಬಹುದು. ಇಡೀ ಜಗತ್ತಿನ ಆಟಗಾರರನ್ನು ಒಂದೇ ದಿನ ಅರೆಕಾಲಿಕ ಮಾಲಿಗಳನ್ನಾಗಿಸಿದ ನಿಯಮ! ಇದಕ್ಕಿಂತ ಚೆಂದದ ಕ್ರೀಡಾ ನಿಯಮವನ್ನು ನಾನು ಓದಿಲ್ಲ.

ಹುಲ್ಲು ಕಾಯುವ ಈ ವಿದ್ಯೆ ತುಮಕೂರಿನವರಿಗೆ ಹೊಸದೂ ಅಲ್ಲ. ಕುಣಿಗಲ್ಲಿನ ಸ್ಟಡ್ ಫಾರ್ಮ್‌ನಲ್ಲಿ, ಟಿಪ್ಪುವಿನ ಅಶ್ವದಳದ ಕಾಲಕ್ಕೆ ಹೋಗುವ ಆ ನಾನ್ನೂರಕ್ಕೂ ಹೆಚ್ಚು ಎಕರೆಯಲ್ಲಿ, ಹುಲ್ಲಿನ ಹದ ಎಂದರೆ ಕುದುರೆ ಮರಿಗಳ ಮೂಳೆಯ ಹದ, ಕಾಲಿನ ಹದ. ಅಲ್ಲಿ ಬೆಳೆದ ಕುದುರೆ ರೇಸ್‌ಕೋರ್ಸ್‌ಗೆ ಹೋದರೆ ಅಲ್ಲೂ ನೆಲಕ್ಕೆ ಒಂದು ಅಳತೆಗೋಲು ಕಾದಿರುತ್ತದೆ: ಪೆನೆಟ್ರೋಮೀಟರ್ ಎಂಬ ಕಡ್ಡಿಯನ್ನು ಓಟದ ಹಾದಿಗೆ ಇಳಿಸಿ, ಎಷ್ಟು ಆಳಕ್ಕೆ ಹೋಯಿತೆಂದು ನೋಡಿ ಅಂಕಿ ಪ್ರಕಟಿಸುತ್ತಾರೆ. ಸ್ಟಿಂಪ್ಸನ್ನನ ಕೋಲಿಗೆ ಖಾಸಾ ಸೋದರ! ಕುದುರೆಗಿಂತ ಹಿಂದಕ್ಕೆ ಹೋದರೆ ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ಹಸುಗಳಿಗೆ, ಮುಂದೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ಆ ಹಿಂಡುಗಳಿಗೆ, ಮೀಸಲಿಟ್ಟ ಹುಲ್ಲುಗಾವಲುಗಳು ತುಮಕೂರು ಸೀಮೆಯಲ್ಲೂ ಹರಡಿದ್ದವು. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ದನ ಒಂದರಲ್ಲಿ ಮೇಯುವಾಗ ಇನ್ನೊಂದರ ಹುಲ್ಲಿಗೆ ವಿಶ್ರಾಂತಿ, ಕಾಯುವುದಕ್ಕೆ ಕಾವಲುಗಾರ. ಓಲ್ಡ್ ಟಾಮ್ ಭಾನುವಾರ ಹುಲ್ಲಿಗೆ ಬಿಡುವು ಕೊಡುವುದಕ್ಕೂ ಎಷ್ಟೋ ಮುಂಚೆ ಇಲ್ಲಿ ಋತುಗಟ್ಟಲೆ ಬಿಡುವು ಕೊಡುತ್ತಿದ್ದರು!

ಇನ್ನು ಗಾಲ್ಫ್ ಎಂದರೆ ನಮಗೆ ಸಂಬಂಧವಿಲ್ಲದ್ದು ಎನ್ನುವವರಿಗೆ ಕೊನೆಯದಾಗಿ ಒಂದು ಕಥೆ. 2015ರ ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಟೆಸ್ಟ್. ಐಪಿಎಲ್‌ನಲ್ಲಿ ಆರ್‌ಸಿಬಿ ಪರ ಆಡಿ ನಮ್ಮವರೇ ಆಗಿಹೋಗಿದ್ದ ದಕ್ಷಿಣ ಆಫ್ರಿಕಾದ ಎಬಿ ಡಿವಿಲಿಯರ್ಸ್‌ಗೆ ಅದು ನೂರನೇ ಟೆಸ್ಟ್. ಮೊದಲ ದಿನದ ಆಟ ಮುಗಿಯಿತು, ಆಮೇಲಿನ ನಾಲ್ಕು ದಿನ ಮಳೆ ಮತ್ತು ನೆನೆದ ಮೈದಾನಕ್ಕೆ ಬಲಿ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮೈದಾನವನ್ನು ಅಗೆದು, ಮರಳಿನ ತಳ ಹಾಕಿ, ಕೊಳವೆ ಹೂತು, ಮಳೆನೀರನ್ನು ನೆಲದಡಿಯಿಂದಲೇ ಎಳೆದುಕೊಳ್ಳುವ ಸಬ್‌ಏರ್ ಎಂಬ ವ್ಯವಸ್ಥೆಯನ್ನು 2017ರ ಜನವರಿಯಲ್ಲಿ ಚಾಲೂ ಮಾಡಿತು. ನಿಮಿಷಕ್ಕೆ 10,000 ಲೀಟರ್ ಹೀರಬಲ್ಲದು ಎಂದು ಆಗ ಘೋಷಿಸಲಾಗಿತ್ತು. ಜಗತ್ತಿನ ಯಾವ ಕ್ರಿಕೆಟ್ ಕ್ರೀಡಾಂಗಣದಲ್ಲೂ ಅಲ್ಲಿಯವರೆಗೆ ಅದು ಇರಲಿಲ್ಲ. ಹಾಗಾದರೆ ಎಲ್ಲಿತ್ತು? ಗಾಲ್ಫ್ ಮೈದಾನಗಳಲ್ಲಿ! ಅದನ್ನು ಕಂಡುಹಿಡಿದವರು ಮಾರ್ಷ್ ಬೆನ್ಸನ್. ಅಮೆರಿಕದ ಆಗಸ್ಟಾ ನ್ಯಾಷನಲ್‌ನಲ್ಲಿ, ಮಾಸ್ಟರ್ಸ್ ಪಂದ್ಯ ನಡೆಯುವ ಮೈದಾನದಲ್ಲಿ, ಹುಲ್ಲು ನೋಡಿಕೊಳ್ಳುತ್ತಿದ್ದವರು. ತನ್ನ ಗ್ರೀನ್‌ಗಳ ಬೇರಿಗೆ ಗಾಳಿ ಊದಬೇಕು, ನಿಂತ ನೀರನ್ನು ಹೀರಬೇಕು ಎಂಬ ಹಟದಲ್ಲಿ ಅವರು ಕಟ್ಟಿದ ಯಂತ್ರವದು.

2024ರ ಮೇ 18ರ ರಾತ್ರಿ ನೆನಪಿರಬೇಕು. ಅದೇ ಚಿನ್ನಸ್ವಾಮಿಯಲ್ಲಿ ಐಪಿಎಲ್ ಪಂದ್ಯ. ಚೆನ್ನೈ ವಿರುದ್ಧ ಗೆದ್ದರಷ್ಟೇ ಸಾಲದು, ತಕ್ಕ ಅಂತರದಲ್ಲಿ ಗೆದ್ದರೆ ಮಾತ್ರ ಆರ್‌ಸಿಬಿಗೆ ಪ್ಲೇಆಫ್. ಮೂರು ಓವರ್ ಆಗಿತ್ತು, ಮಳೆ ಬಂತು. ತುಮಕೂರಿನ ಮನೆಮನೆಗಳಲ್ಲಿ ಕೈ ಮುಗಿದು ಕೂತ ಆ ಹೊತ್ತಿನಲ್ಲಿ ನಾವೆಲ್ಲ ಆಕಾಶ ನೋಡುತ್ತಿದ್ದೆವು, ನೆಲವನ್ನು ಯಾರೂ ನೋಡಲಿಲ್ಲ. ಮಳೆ ನಿಂತಿತು, ಮೈದಾನ ಒಣಗಿತು, ಒಂದು ಓವರೂ ಕಡಿತವಾಗದೆ ಆಟ ಮುಂದುವರಿಯಿತು. ಬೆಂಗಳೂರು 218 ಹೊಡೆದು 27 ರನ್‌ಗಳಿಂದ ಗೆದ್ದಿತು. ಪಟಾಕಿ ಹೊಡೆದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು, ಅಂದು ಚಿನ್ನಸ್ವಾಮಿಯ ನೆಲದಡಿ ಇದ್ದದ್ದು ಒಬ್ಬ ಗಾಲ್ಫ್ ಮೈದಾನದ ಹುಲ್ಲುಗಾರನ ಯಂತ್ರ ಎಂದು?